ಒಂದು ಗೇಣು ಬಾಕಿ

ನಮ್ಮ ಊರಿಗೆ ಮೊದಲ ಸಲ ಬಂದವರು ನಮ್ಮನ್ನು ಶುದ್ಧ ಸೋಮಾರಿಗಳು ಅಂದುಕೊಳ್ಳುತ್ತಿದ್ದರು. ಅವರ ತಪ್ಪೇನಿಲ್ಲ. ಬಸ್ಸಿಳಿದ ಕೂಡಲೇ ಕಾಣುತ್ತಿದ್ದದ್ದು ಅರ್ಧ ಸುಣ್ಣ ಬಳಿದ ಗೋಡೆ, ನಾಲ್ಕನೆಯ ಕಾಲಿಗೆ ಕಾಯುತ್ತ ಗೋಡೆಗೆ ಒರಗಿದ ಮಂಚ, ಟೇಲರನ ಅಂಗಡಿಯಲ್ಲಿ ನೇತಾಡುವ ಒಂದೇ ತೋಳಿನ ಅಂಗಿ. ಪಂಚಾಯಿತಿ ಕಟ್ಟೆಯ ಮೇಲೆ ಚದುರಂಗದ ಹಾಸೊಂದು ಇಪ್ಪತ್ತು ನಡೆಗಳಾದ ಮೇಲೆ ಹಾಗೇ ಬಿದ್ದಿತ್ತು. ಬಿಳಿ ಕುದುರೆಯ ಮೇಲೆ ಕಾಗೆ ಹಿಕ್ಕೆ ಹಾಕಿತ್ತು, ಯಾರೂ ಒರೆಸುತ್ತಿರಲಿಲ್ಲ. ಒರೆಸುವಾಗ ಕಾಯಿ ಸರಿದುಬಿಟ್ಟರೆ ಇಬ್ಬರ ಪ್ರಯಾಣ ಕೆಡುತ್ತಿತ್ತು.

ಊರಿನ ಪೂರ್ವಕ್ಕೆ ಹಳ್ಳ, ಹಳ್ಳಕ್ಕೊಂದು ಸೇತುವೆ, ಸೇತುವೆಯ ಆ ತುದಿಗೆ ಬೇರೆ ದೇಶ. ಅಲ್ಲಿಗೆ ಹದಿನೈದು ದಿನದ ಮಟ್ಟಿಗೆ ಹೋಗಲು ವೀಸಾ ಬೇಡ. ನೆಂಟರನ್ನು ನೋಡಲು, ಊರು ಸುತ್ತಲು, ಔಷಧ ಮಾಡಿಸಿಕೊಳ್ಳಲು ಹೋಗಬಹುದು. ಕೂಲಿಗೆ, ವ್ಯಾಪಾರಕ್ಕೆ ಹೋಗುವಂತಿಲ್ಲ. ಅವಧಿ ಮೀರದ ಗುರುತಿನ ಪುಸ್ತಕ ಬೇಕು, ಎರಡು ಫೋಟೋ ಬೇಕು, ತಿರುಗಿ ಬರುವ ಬಸ್ಸಿನ ಟಿಕೇಟು ಬೇಕು, ಅಲ್ಲಿ ಇಳಿದುಕೊಳ್ಳುವ ಮನೆಯ ವಿಳಾಸ ಬೇಕು. ಇವಿಷ್ಟನ್ನು ಯಾವ ದೇಶದವರಾದರೂ ಕೇಳುತ್ತಾರೆ. ಐದನೆಯದು ಮಾತ್ರ ನಮ್ಮ ಗಡಿಯದು. ಹೋಗುವವರು ಒಂದು ಕೆಲಸವನ್ನು ಇಲ್ಲಿ ಅರ್ಧಕ್ಕೆ ಬಿಟ್ಟಿರಬೇಕು. ಅದು ಅವರೇ ಶುರುಮಾಡಿದ್ದಾಗಿರಬೇಕು, ಅವರೇ ಮುಗಿಸಬೇಕಾದದ್ದಾಗಿರಬೇಕು, ಮುಗಿಯಲು ಕನಿಷ್ಠ ಒಂದು ಗೇಣು ಉಳಿದಿರಬೇಕು. ಬಟ್ಟೆ, ಗೋಡೆ, ಚಾಪೆಗಳಿಗೆ ಗೇಣು ಹಾಕಿ ನೋಡಬಹುದು. ಉಳಿದದ್ದಕ್ಕೆಲ್ಲ ಅಂದಾಜು.

ಆ ಅಂದಾಜು ಮಾಡುವವನು ನಾನು. ಹೆಸರು ರಾಚಪ್ಪ, ಅರೆಗೆಲಸ ಕಚೇರಿಯ ಪರಿಶೀಲಕ. ಅರ್ಜಿ ಕೊಟ್ಟವರ ಮನೆಗೆ ಹೋಗಿ, ಅರ್ಧ ಉಳಿದ ಕೆಲಸ ನೋಡಿ, ಗೇಣು ಹಾಕಿ, ಅದರ ಮೇಲೆ ಕೆಂಪು ಮೊಹರು ಒತ್ತಿ ಬರುವುದು ನನ್ನ ಉದ್ಯೋಗ. ಮೊಹರು ಬಿದ್ದ ಮೇಲೆ ಆ ವಸ್ತುವನ್ನು ಯಾರೂ ಮುಟ್ಟುವಂತಿಲ್ಲ, ಇದ್ದದ್ದು ಇದ್ದ ಹಾಗೇ ಇರಬೇಕು. ಹೋದವರು ಹದಿನೈದು ದಿನದಲ್ಲಿ ಬಂದು ಕೆಲಸ ಮುಂದುವರಿಸಬೇಕು. ಬರದಿದ್ದರೆ ಹದಿನಾರನೆಯ ದಿನ, ಕಚೇರಿ ಮುಚ್ಚುವುದರೊಳಗೆ, ಆ ಕೆಲಸವನ್ನು ನಾವೇ ಮುಗಿಸುತ್ತೇವೆ. ಕಚೇರಿ ಮುಗಿಸಿತೆಂದರೆ ಆಯಿತು, ಅವರ ಹೆಸರಿಗೆ ಗೀಟು ಬೀಳುತ್ತದೆ. ಮತ್ತೆ ಜನ್ಮದಲ್ಲಿ ಆ ಸೇತುವೆ ದಾಟುವಂತಿಲ್ಲ.

ಮುಗಿಸುವುದಕ್ಕೆಂದೇ ನಮ್ಮಲ್ಲಿ ಫಕೀರಪ್ಪ ಎನ್ನುವವನಿದ್ದಾನೆ. ಒಳ್ಳೆಯ ಮನುಷ್ಯ, ಅವನ ಕೈ ಮಾತ್ರ ಒಳ್ಳೆಯದಲ್ಲ. ಬಡಿಗನೊಬ್ಬ ಅರ್ಧ ಬಳ್ಳಿ ಕೆತ್ತಿ ಬಿಟ್ಟಿದ್ದ ಬಾಗಿಲಿಗೆ ಉಳಿದರ್ಧ ತಗಡು ಬಡಿದು ಬಂದ. ಅಜ್ಜಿಯೊಬ್ಬಳು ಮೊಮ್ಮಕ್ಕಳಿಗೆ ಅರ್ಧ ಹೇಳಿ ಹೋಗಿದ್ದ ರಾಜಕುಮಾರಿಯ ಕಥೆಯನ್ನು, ಆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, 'ಕಡೀಕ ಎಲ್ಲಾರೂ ಸತ್ತರು' ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಮಕ್ಕಳು ಎಂಟು ದಿನ ಅತ್ತವು. ಒಂದೇ ಒಂದು ಸಲ ಅವನ ಕೈಯಿಂದ ಕೆಲಸ ತಪ್ಪಿತ್ತು. ಕುಪ್ಪಸಕ್ಕೆ ಕಡೆಯ ಗುಂಡಿ ಹಚ್ಚುತ್ತಿದ್ದಾಗ ಅದರ ಒಡತಿ ಬಸ್ಸಿಳಿದು ಓಡಿಬಂದು ಸೂಜಿ ಕಿತ್ತುಕೊಂಡಳು. ಕಚೇರಿ ಇನ್ನೂ ಮುಗಿಸಿರಲಿಲ್ಲ, ಆದ್ದರಿಂದ ಅವಳ ಹಕ್ಕು ಉಳಿಯಿತು. ಮೇಲಿನವರು ಅದನ್ನು ಒಪ್ಪಿ ಕಾಗದ ಬರೆದರು.

ಇಂಥ ಊರಿನಲ್ಲಿ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡದ ಒಬ್ಬಳೇ ಒಬ್ಬ ಹೆಂಗಸಿದ್ದಳು. ಕಾಶವ್ವ. ನನ್ನ ಒಡಹುಟ್ಟಿದ ಅಕ್ಕ.

ಅಕ್ಕನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು ಸುವರ್ಣಾಳನ್ನು ಆಚೆ ದೇಶಕ್ಕೆ ಕೊಟ್ಟಿದ್ದಾಳೆ. ತಾನು ಇಲ್ಲಿ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದು ಕೊಡುತ್ತಾಳೆ. ಅವಳ ಮನೆ ನಮ್ಮ ಓಣಿಯ ಬೆನ್ನಿಗೇ ಇದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ. ಆ ಒಂಬತ್ತು ವರ್ಷವೂ ಅವಳ ಮನೆಯಲ್ಲಿ ಒಂದು ಕೆಲಸವೂ ಅರ್ಧ ಉಳಿದಿರಲಿಲ್ಲ. ಅರ್ಧ ಉಳಿದರೆ ತಾನೆ ಆಚೆ ಹೋಗುವ ಆಸೆ, ಆಸೆ ಇದ್ದರೆ ತಾನೆ ತಮ್ಮನ ಮೊಹರು. ಅದು ಬೇಡವೆಂದೇ ಅವಳು ಸಂಜೆಯೊಳಗೆ ಎಲ್ಲವನ್ನೂ ಮುಗಿಸಿ, ಒಲೆ ಸಾರಿಸಿ, ಕೈ ಒರೆಸಿಕೊಳ್ಳುತ್ತಿದ್ದಳು.

ಕಾರಣ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಅರ್ಥವಿಲ್ಲ. ನಮ್ಮ ಅವ್ವನ ತವರು ಆಚೆ ದೇಶದಲ್ಲಿತ್ತು. ಸಾಯುವುದರೊಳಗೆ ಒಂದು ಸಲ ಹೋಗಿ ಅಲ್ಲಿನ ಬಾವಿಯ ನೀರು ಕುಡಿದು ಬರುತ್ತೇನೆ ಅನ್ನುತ್ತಿದ್ದಳು. ಅದಕ್ಕಾಗಿಯೇ ಒಂದು ಕೌದಿ ಹೊಲಿಯತೊಡಗಿದಳು; ಹಳೆಯ ಸೀರೆಗಳನ್ನು ತುಂಡು ಮಾಡಿ, ಒಂದರ ಮೇಲೊಂದು ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ. ಅಂಚಿನಲ್ಲಿ ಒಂದು ಗೇಣು ಬಿಟ್ಟು ಅರ್ಜಿ ಕೊಟ್ಟಳು. ನಾನು ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಅವ್ವನ ಅರ್ಜಿಯನ್ನು ಮಗನೇ ನೋಡುತ್ತಾನೆ ಎಂದು ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ಗೇಣು ಹಾಕಿದೆ. ಒಂದು ಬೆರಳು ಕಡಿಮೆ ಬಂತು.

ಅವ್ವ ತನ್ನ ಕೈ ಚಾಚಿ ಅದೇ ಜಾಗದ ಮೇಲೆ ಇಟ್ಟಳು. ಗಿಡ್ಡ ಬೆರಳಿನ ಸಣ್ಣ ಕೈ. ಸರಿಯಾಗಿ ಕೂತಿತು. "ನನ್ನ ಗೇಣಿಗೆ ಬರೋಬರಿ ಐತಲ್ಲೋ ಅಪ್ಪಾ" ಅಂದಳು. ಸರಕಾರಿ ಗೇಣು ಎಂದರೆ ಅಧಿಕಾರಿಯ ಗೇಣು, ನಿಯಮದಲ್ಲೇ ಹಾಗೆ ಬರೆದಿದೆ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೊಲಿದದ್ದನ್ನು ಬಿಚ್ಚಿ ಅರ್ಧ ಮಾಡುವಂತಿಲ್ಲ, ತಿರಸ್ಕಾರವಾದರೆ ಮೂರು ತಿಂಗಳು ಅರ್ಜಿ ಕೊಡುವಂತಿಲ್ಲ. ಅವ್ವ ಎರಡನೆಯ ತಿಂಗಳಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನ ಅಕ್ಕ ನನ್ನೆದುರು ಬಂದು, "ಇದು ಇಲ್ಲಿಗೆ ಮುಗಿಯೂದಿಲ್ಲ, ರಾಚಾ" ಅಂದಳು. ಅದೇ ಕೊನೆಯ ಮಾತು. ಆಮೇಲೆ ಒಳಗೆ ಹೋಗಿ ಕೌದಿಯ ಉಳಿದ ಅಂಚನ್ನು ಹೊಲಿದು ಮುಗಿಸಿ ಮಡಿಸಿಟ್ಟಳು.

ನನಗೆ ಮಾತ್ರ ಒಳ್ಳೆಯದೇ ಆಯಿತು. ತಾಯಿಗೂ ವಿನಾಯಿತಿ ಕೊಡದ ನೌಕರ ಎಂದು ಮೇಲಿನವರು ಪ್ರಶಂಸೆಯ ಪತ್ರ ಕಳಿಸಿದರು. ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಅರ್ಜಿ ಕೊಡಲು ಬಂದವರು ಮೊದಲು ಅದನ್ನು ಓದಿ ಆಮೇಲೆ ನನ್ನ ಮುಖ ನೋಡುತ್ತಿದ್ದರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಸುವರ್ಣಾ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಾಗದ ಕಳಿಸಿದಳು. ಚೊಚ್ಚಲ ಹೆರಿಗೆ, ದಿನ ತುಂಬುತ್ತ ಬಂದಿದೆ, ಅತ್ತೆ ಇಲ್ಲದ ಮನೆ, ಅವ್ವಾ ನೀನು ಬರದಿದ್ದರೆ ನನಗೆ ಹೆದರಿಕೆಯಾಗುತ್ತದೆ. ಕಾಗದವನ್ನು ಅಕ್ಕ ಪಕ್ಕದ ಮನೆಯ ಹುಲಿಗೆವ್ವನಿಂದ ಮೂರು ಸಲ ಓದಿಸಿಕೊಂಡಳಂತೆ. ನಾಲ್ಕನೆಯ ಸಲ ಓದಿಸದೆ ಎದ್ದು, ಒಂದು ಕೆಲಸ ಅರ್ಧ ಬಿಡಬೇಕಲ್ಲ ಅಂದಳಂತೆ.

ಅಲ್ಲಿಂದ ಶುರುವಾಯಿತು ಅವಳ ಪಾಡು. ಹೆಸರುಕಾಳು ಆರಿಸುವುದನ್ನು ಅರ್ಧಕ್ಕೆ ಬಿಟ್ಟು ಎದ್ದಳು. ನೀರು ಕುಡಿದು ಬರುವಷ್ಟರಲ್ಲಿ ತನಗೇ ತಿಳಿಯದಂತೆ ಮತ್ತೆ ಮೊರದ ಮುಂದೆ ಕೂತಿದ್ದಳು. ಅಂಗಳವನ್ನು ಅರ್ಧ ಸಾರಿಸಿ ಬೆನ್ನು ತಿರುಗಿಸಿ ಕೂತಳು. ಬೆನ್ನು ಉರಿಯತೊಡಗಿತಂತೆ, ಎದ್ದು ಪೂರ್ತಿ ಸಾರಿಸಿದ ಮೇಲೆ ಉರಿ ಹೋಯಿತಂತೆ. ಕೊನೆಗೆ ಈಚಲು ಗರಿ ತರಿಸಿ ಚಾಪೆ ಹೆಣೆಯತೊಡಗಿ ಅರ್ಜಿ ಕೊಟ್ಟಳು. ಹತ್ತು ಗಂಟೆಗೆ ಬರುತ್ತೇನೆಂದು ನಾನು ಹೇಳಿ ಕಳಿಸಿದ್ದೆ. ಅರ್ಧ ತಾಸು ತಡವಾಯಿತು. ನಾನು ಹೋದಾಗ ಚಾಪೆ ಮುಗಿದಿತ್ತು, ಅಂಚು ಕೂಡ ಕಟ್ಟಿಯಾಗಿತ್ತು.

"ಸುಮ್ಮ ಕೂಡೂದು ಹ್ಯಾಂಗಂತ ಹೆಣದಾಳ್ರಿ" ಅಂದಳು ಹುಲಿಗೆವ್ವ. ಅಕ್ಕ ನನ್ನೆದುರಿಗೆ ಇದ್ದರೂ ಅವಳ ಮಾತುಗಳು ಹುಲಿಗೆವ್ವನ ಮೂಲಕವೇ ಬರುತ್ತಿದ್ದವು.

ಚಾಪೆಯ ಒಂದು ಮೂಲೆ ಸಡಿಲವಿದೆ, ಮುಗಿದಿಲ್ಲ ಎಂದು ಬರೆದುಕೊಳ್ಳಬಹುದು ಎಂದು ನಾನು ಹುಲಿಗೆವ್ವನಿಗೆ ಹೇಳಿದೆ. ನಿಜವಾಗಿ ಬರೆದುಕೊಳ್ಳುತ್ತಿದ್ದೆ. ಒಂಬತ್ತು ವರ್ಷದಲ್ಲಿ ನಾನು ಬಹಳ ಸಡಿಲವಾಗಿದ್ದೆ. ಊರಿನಲ್ಲಿ ಎಷ್ಟೋ ಮುಗಿದ ಕೆಲಸಗಳ ಮೇಲೆ ನನ್ನ ಮೊಹರು ಇದೆ. ಅಕ್ಕ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದಳು. "ಅವ್ವಗ ಕೊಡದ್ದು ನನಗ ಬ್ಯಾಡಂತ ಹೇಳವಾ" ಅಂದಳು. ಹುಲಿಗೆವ್ವ ಅದನ್ನು ನನಗೆ ಮತ್ತೊಮ್ಮೆ ಹೇಳಿದಳು. ಎರಡು ಸಲ ಕೇಳಿಸಿಕೊಂಡು, ತಿರಸ್ಕಾರ ಎಂದು ಬರೆಯದೆ ಅರ್ಜಿಯನ್ನು ಹಾಗೇ ಕಿಸೆಗಿಟ್ಟುಕೊಂಡು ನಾನು ಮನೆಗೆ ಬಂದೆ.

ಎರಡು ದಿನ ಬಿಟ್ಟು ಅಕ್ಕ ಕಚೇರಿಗೇ ಬಂದಳು. ಒಬ್ಬಳೇ ಬಂದಿದ್ದಳು, ಹುಲಿಗೆವ್ವ ಇರಲಿಲ್ಲ. ಗೋಡೆಯ ಮೇಲಿನ ಪ್ರಶಂಸಾಪತ್ರದ ಕೆಳಗೆ ಬೆಂಚಿನ ಮೇಲೆ ಕೂತಳು. ನಾನು ಯಾರಾದರೂ ನಡುವೆ ನಿಂತು ಮಾತು ದಾಟಿಸುವವರು ಸಿಗುತ್ತಾರೇನೋ ಎಂದು ಫಕೀರಪ್ಪನ ಕಡೆ ನೋಡಿದೆ. ಅವನು ಯಾರದೋ ಬುಟ್ಟಿಗೆ ಹಿಡಿಕೆ ಬಡಿಯುತ್ತಿದ್ದ.

"ಒಂದು ಉಳದೈತಿ" ಅಂದಳು ಅಕ್ಕ, ನೇರವಾಗಿ ನನಗೇ.

ಏನು ಎಂದು ಕೇಳಿದೆ. ನನ್ನ ಧ್ವನಿ ನನಗೇ ಬೇರೆಯವರದೆನಿಸಿತು.

"ನಿನ್ನ ಜೋಡಿ ಜಗಳ. ನಾನ ಶುರು ಮಾಡಿದ್ದು. ಇಲ್ಲಿಗೆ ಮುಗಿಯೂದಿಲ್ಲ ಅಂತ ಅವತ್ತ ಹೇಳೀನಿ, ನೀನೂ ಕೇಳೀದಿ. ನನ್ನ ಬಿಟ್ಟು ಬ್ಯಾರೆದವರು ಮುಗಸಾಕ ಬರೂದಿಲ್ಲ. ಬರಕೋ."

ನಿಯಮದ ಪುಸ್ತಕ ತೆಗೆದು ತಿರುವಿದೆ. ಜಗಳ ಅರೆಗೆಲಸವಲ್ಲ ಎಂದು ಎಲ್ಲಿಯೂ ಇರಲಿಲ್ಲ. ಬರೆದುಕೊಂಡೆ. ಕೆಲಸದ ವಿವರ: ಜಗಳ. ಶುರುವಾದದ್ದು: ಒಂಬತ್ತು ವರ್ಷದ ಹಿಂದೆ. ಉಳಿದ ಅಳತೆ ಎನ್ನುವ ಕಡೆಗೆ ಬಂದಾಗ ಲೇಖನಿ ನಿಂತಿತು. "ಹಾಕು ನಿನ್ನ ಗೇಣು" ಅಂದಳು ಅಕ್ಕ. ಗೇಣಿಗೆ ಮೀರಿದ್ದು ಎಂದು ಬರೆದೆ.

ಇನ್ನು ಮೊಹರು. ಅರ್ಧ ಉಳಿದ ವಸ್ತುವಿನ ಮೇಲೆ ಅದು ಬೀಳಲೇಬೇಕು. ಈ ಜಗಳದಲ್ಲಿ ಊರಿನಲ್ಲೇ ಉಳಿಯುವ ವಸ್ತು ಎಂದರೆ ನಾನು. ಫಕೀರಪ್ಪ ಹಣೆಗೆ ಒತ್ತಿದರೆ ಎದ್ದು ಕಾಣುತ್ತದೆ ಅಂದ. ಸಾಕು ಸುಮ್ಮನಿರಪ್ಪ ಎಂದು ಹೇಳಿ, ಎಡಗೈ ಮಣಿಕಟ್ಟಿನ ಒಳಗೆ ನಾನೇ ಒತ್ತಿಕೊಂಡೆ. ಮರುದಿನ ಬೆಳಗಿನ ಬಸ್ಸಿಗೆ ಅಕ್ಕ ಹೊರಟಳು. ಕಂಕುಳಲ್ಲಿ ಒಂದು ಗಂಟಿತ್ತು, ಗಂಟಿನ ಬಾಯಲ್ಲಿ ಅವ್ವನ ಕೌದಿಯ ಅಂಚು ಕಾಣುತ್ತಿತ್ತು.

ಮೊಹರು ಬಿದ್ದ ವಸ್ತುವಾಗಿ ಬದುಕುವುದು ಎಷ್ಟು ಕಷ್ಟ ಎನ್ನುವುದು ಅದನ್ನು ಇಪ್ಪತ್ತು ಸಾವಿರ ಸಲ ಒತ್ತಿದ ನನಗೆ ಗೊತ್ತಿರಲಿಲ್ಲ. ಗಡ್ಡ ತೆಗೆಸಿಕೊಳ್ಳಲು ಹೋದರೆ ಕ್ಷೌರದ ನಿಂಗಪ್ಪ ಕತ್ತಿ ಮಡಿಸಿ ಇಟ್ಟ. ಇದ್ದದ್ದು ಇದ್ದ ಹಾಗೆ ಇರಬೇಕಲ್ಲರೀ ಸಾಹೇಬರ, ನಾಳೆ ಕಾಶಕ್ಕ ಬಂದು ಈ ಮುಖದ ಜೋಡಿ ನಾನು ಜಗಳ ಆಡಿಲ್ಲ ಅಂದರೆ ನನ್ನ ಗತಿಯೇನು ಎಂದು ಕೇಳಿದ. ಟೇಲರು ಹರಿದ ಕಿಸೆ ಹೊಲಿಯಲಿಲ್ಲ. ಓಣಿಯಲ್ಲಿ ನಾನು ಸ್ವಲ್ಪ ಜೋರಾಗಿ ನಕ್ಕರೆ ಹೆಂಗಸರು, ಸಾಹೇಬರ, ಕೆಡಸಬ್ಯಾಡ್ರಿ ಅನ್ನುತ್ತಿದ್ದರು. ನನ್ನ ಹೆಂಡತಿ ಮಹಾನಂದಾಳಿಗೆ ಮಾತ್ರ ಪರಮಾನಂದ. ನಾನು ಎರಡನೆಯ ಸಲ ಅನ್ನ ಕೇಳಿದರೆ, ಮೊಹರು ಬಿದ್ದಾಗ ಎಷ್ಟು ದಪ್ಪ ಇದ್ದಿರೋ ಅಷ್ಟೇ ಇರಬೇಕು ಎಂದು ಪಾತ್ರೆ ಮುಚ್ಚುತ್ತಿದ್ದಳು.

ದಿನಕ್ಕೆ ಎರಡು ಬಸ್ಸು ಬರುತ್ತವೆ, ಬೆಳಿಗ್ಗೆ ಒಂಬತ್ತಕ್ಕೆ ಒಂದು, ಮಧ್ಯಾಹ್ನ ಮೂರೂವರೆಗೆ ಒಂದು. ಎರಡಕ್ಕೂ ಹೋಗಿ ಹೆರಿಗೆಯಾಯಿತೇ ಎಂದು ಕಂಡಕ್ಟರನನ್ನು ಕೇಳುತ್ತಿದ್ದೆ. ಎಂಟನೆಯ ದಿನ ಇನ್ನೂ ಇಲ್ಲ ಅಂದ. ಹನ್ನೊಂದನೆಯ ದಿನವೂ ಇಲ್ಲ. ಹದಿಮೂರನೆಯ ದಿನ, ಸುವರ್ಣಾಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಹೆರಿಗೆ ತ್ರಾಸಿನದಂತೆ ಅಂದ. ಹದಿನಾಲ್ಕನೆಯ ದಿನ ಅವನಿಗೂ ಏನೂ ಗೊತ್ತಿರಲಿಲ್ಲ. ಹದಿನೈದನೆಯ ದಿನ ಮಧ್ಯಾಹ್ನದ ಬಸ್ಸಿನಿಂದ ಎಲ್ಲರೂ ಇಳಿದರು, ಅಕ್ಕ ಇಳಿಯಲಿಲ್ಲ. ಖಾಲಿ ಬಸ್ಸಿನೊಳಗೆ ಹತ್ತಿ ಹಿಂದಿನ ಸೀಟಿನವರೆಗೂ ನೋಡಿ ಬಂದೆ.

ಅಂಥ ಸ್ಥಿತಿಯಲ್ಲಿ ಮಗಳನ್ನು ಬಿಟ್ಟು ಹೇಗೆ ಬರುತ್ತಾಳೆ? ಬರದೇ ಇದ್ದರೆ ನಾಳೆ ಫಕೀರಪ್ಪ ಮುಗಿಸುತ್ತಾನೆ. ಮುಗಿಸಿದರೆ ಅಕ್ಕನ ಹೆಸರಿಗೆ ಗೀಟು. ಇಲ್ಲಿಗೆ ಬಂದಳೆಂದರೆ ಮತ್ತೆ ಮಗಳ ಮುಖ, ಮಗುವಿನ ಮುಖ ನೋಡುವಂತಿಲ್ಲ. ಅವ್ವನನ್ನು ತವರಿನಿಂದ ತಪ್ಪಿಸಿದವನೇ ಅಕ್ಕನನ್ನು ಮೊಮ್ಮಗುವಿನಿಂದಲೂ ತಪ್ಪಿಸಿದ ಹಾಗಾಗುತ್ತದೆ. ಎರಡೂ ನಿಯಮದ ಪ್ರಕಾರವೇ, ಇನ್ನೊಂದು ಪ್ರಶಂಸಾಪತ್ರ ಬಂದರೂ ಬಂದೀತು.

ಹದಿನಾರನೆಯ ದಿನ ಬೆಳಗಿನ ಬಸ್ಸಿನಲ್ಲೂ ಅವಳು ಇರಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಫಕೀರಪ್ಪ ತನ್ನ ಚೀಲ ಹಿಡಿದು ನನ್ನ ಮೇಜಿನ ಎದುರಿಗೆ, ಅಕ್ಕ ಕೂರಬೇಕಾದ ಕುರ್ಚಿಯಲ್ಲಿ ಕೂತ. ಚೀಲದಿಂದ ಸುತ್ತಿಗೆ ತೆಗೆದು, ಇದಕ್ಕೆ ಬೇಕಾಗಲಿಕ್ಕಿಲ್ಲ ಎಂದು ಮತ್ತೆ ಒಳಗಿಟ್ಟ. ಕಾಗದ ಹಾಸಿದ. ತಪ್ಪು ನಿಮ್ಮದೋ ಅವರದೋ ಹೇಳಿರಿ, ಬರೆದುಕೊಂಡು ರುಜು ಹಾಕಿಸಿಕೊಂಡರೆ ಮುಗಿಯಿತು, ಊಟದೊಳಗೆ ಆಚೆ ಓಣಿಯ ಗೋಡೆಯೊಂದಕ್ಕೆ ಸುಣ್ಣ ಹೊಡೆಯುವುದಿದೆ ಅಂದ.

ಮೂರೂವರೆಯ ಬಸ್ಸು ಒಂದು ಉಳಿದಿತ್ತು. ಅಲ್ಲಿಯವರೆಗೆ ಇವನನ್ನು ಎಳೆಯಬೇಕು. ತಪ್ಪು ಯಾರದು ಎಂದು ಹಾಗೆ ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ, ಮೊದಲಿನಿಂದ ಕೇಳಬೇಕಾಗುತ್ತದೆ ಎಂದೆ. ಸರಿ ಹೇಳಿರಿ ಎಂದು ಅವನು ಗಡಿಯಾರ ನೋಡಿದ.

ಕೌದಿಯಿಂದ ಶುರುಮಾಡಿದೆ. ಅದರಲ್ಲಿ ಎಷ್ಟು ತುಂಡುಗಳಿದ್ದವು, ಯಾವುದು ಯಾರ ಸೀರೆಯದು ಎಂದು ಒಂದೊಂದಾಗಿ ಹೇಳಿದೆ. ನಡುವಿನ ಹಸಿರು ಚೌಕ ಅವ್ವನ ಮದುವೆಯ ಇಳಕಲ್ಲ ಸೀರೆಯದು. ಅದರ ಪಕ್ಕದ ನೀಲಿ ನಾನು ಮೊದಲನೆಯ ಈಯತ್ತೆಗೆ ಹೋಗುವಾಗ ಅವ್ವ ಉಟ್ಟಿದ್ದು. ಅದರ ಸೆರಗು ಹಿಡಿದುಕೊಂಡೇ ಶಾಲೆಯ ಬಾಗಿಲಲ್ಲಿ ಅತ್ತಿದ್ದೆ. ಹೊತ್ತು ಕಳೆಯಲೆಂದು ಹೇಳುತ್ತಿದ್ದೆ, ಸುಳ್ಳಾದರೂ ನಡೆಯುತ್ತಿತ್ತು. ಆದರೆ ಒಂದೂ ಸುಳ್ಳು ಬಾಯಿಗೆ ಬರಲಿಲ್ಲ. ಹನ್ನೆರಡಾಯಿತು. ಫಕೀರಪ್ಪ ಎರಡು ಸಲ, ಹಂಗಾರ ತಪ್ಪು ಯಾರದ್ದಂತ ಬರೀಲಿ ಎಂದು ಕೇಳಿದ. ಇನ್ನೂ ಇದೆ ಎಂದೆ.

ಎರಡು ಗಂಟೆಯ ಹೊತ್ತಿಗೆ ಕೌದಿ ಮುಗಿದು ಗೇಣಿನ ಬಳಿಗೆ ಬಂದಿದ್ದೆ. ಬಾಗಿಲಿಗೆ ಬಂದು ನಿಂತಿದ್ದವರು ಯಾರು ಯಾರು ಎಂದು ಹೇಳಿದೆ. ಅವರೆಲ್ಲ ನನ್ನನ್ನು ಪ್ರಾಮಾಣಿಕ ಅನ್ನಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಗೇಣು ಹಾಕುವಾಗ ಬೆರಳನ್ನು ಇನ್ನಷ್ಟು ಅಗಲಿಸಿದ್ದೆ ಎಂದು ಹೇಳಿದೆ. ಇದನ್ನು ನಾನು ಅಲ್ಲಿಯವರೆಗೆ ನನಗೂ ಹೇಳಿಕೊಂಡಿರಲಿಲ್ಲ. ಅವ್ವನ ಕೈ ಸರಿಯಾಗಿ ಕೂತದ್ದನ್ನು ಹೇಳುವಾಗ ನಡುವೆ ನಿಲ್ಲಿಸಿ ನೀರು ಕುಡಿದೆ. ಫಕೀರಪ್ಪ ಗಡಿಯಾರ ನೋಡುವುದನ್ನು ಬಿಟ್ಟಿದ್ದ. ಸುಣ್ಣ ಹೊಡೆಯುವ ಗೋಡೆಯನ್ನೂ ಮರೆತ ಹಾಗಿತ್ತು. ಆದರೂ ಅವನು ಸರಕಾರಿ ಮನುಷ್ಯ. ಕೊನೆಗೊಮ್ಮೆ ಕಣ್ಣೊರೆಸಿಕೊಂಡು, 'ತಪ್ಪು ತಮ್ಮನದು' ಎಂದು ಒಂದೇ ಸಾಲು ಬರೆದು ಕಾಗದ ನನ್ನ ಕಡೆ ತಳ್ಳಿದ. ಇಷ್ಟಕ್ಕೆ ರುಜು ಹಾಕಿದರೆ ಆಯಿತು ಎಂದ. ಬೇರೆ ಯಾವ ದಿನವಾದರೂ ಸಂತೋಷದಿಂದ ಹಾಕುತ್ತಿದ್ದೆ. ಆ ದಿನ ಹಾಕಿದರೆ ಅಕ್ಕನ ಹೆಸರಿಗೆ ಗೀಟು.

ಲೇಖನಿಯಲ್ಲಿ ಶಾಯಿ ಇಲ್ಲ ಎಂದೆ. ಅವನು ತನ್ನದನ್ನು ಕೊಟ್ಟ. ಕನ್ನಡಕ ಮನೆಯಲ್ಲಿದೆ ಎಂದೆ. ಮೂಗಿನ ಮೇಲೈತ್ರಿ ಎಂದ. ಆಗ ಸೇತುವೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು.

ಅಕ್ಕ ಓಡಿಬರಲಿಲ್ಲ, ನಡೆದೇ ಬಂದಳು. ಕೂದಲು ಕೆದರಿತ್ತು, ಕಣ್ಣು ಬಾತಿದ್ದವು, ಕಂಕುಳಲ್ಲಿ ಗಂಟಿರಲಿಲ್ಲ. ನಾನು ಎದ್ದು ನಿಂತೆ. ಸುವರ್ಣಾ ಹೇಗಿದ್ದಾಳೆ ಎಂದು ಫಕೀರಪ್ಪನೇ ಕೇಳಿದ. ತಾಯಿ ಮಗು ಇಬ್ಬರೂ ಪಾರಾದರು, ಹೆಣ್ಣು, ನಿನ್ನೆ ಸಂಜೆ ಹುಟ್ಟಿತು, ಅವ್ವನ ಕೌದಿಯೊಳಗೇ ಸುತ್ತಿಟ್ಟು ಬಂದೆ ಎಂದು ಅಕ್ಕ ಹೇಳಿದಳು. ಬೆಳಗಿನ ಬಸ್ಸಿಗೆ ಬರಲು ಮಗಳ ಜ್ವರ ಬಿಡಲಿಲ್ಲವಂತೆ. ಆಮೇಲೆ ಕೆಲಸ ಎಲ್ಲಿಯವರೆಗೆ ಬಂತು ಎಂದು ಕೇಳಿದಳು. ಒಂದು ರುಜು ಉಳಿದಿದೆಯವ್ವ ಎಂದು ಫಕೀರಪ್ಪ ಕುರ್ಚಿ ಬಿಟ್ಟೆದ್ದ. ಅವನ ಜೀವಮಾನದಲ್ಲಿ ಅವನ ಕೈ ತಪ್ಪಿದ ಎರಡನೆಯ ಕೆಲಸ ಇದು. ಆದರೆ ಅವನ ಮುಖದಲ್ಲಿ ಬೇಸರ ಕಾಣಲಿಲ್ಲ.

ಅಕ್ಕ ಕುರ್ಚಿಯಲ್ಲಿ ಕೂತಳು. ಕಾಗದದ ಮೇಲಿನ ಸಾಲನ್ನು ಅವಳು ಓದಲಾರಳು. ನಾನೇ ಹೇಳಬೇಕಾಯಿತು.

"ಅಕ್ಕಾ, ಯಾರ ಗೇಣು ಅಂತ ನಿಯಮದಾಗ ಬರದಿಲ್ಲ. ಅವ್ವನ ಗೇಣೂ ನಡೀತಿತ್ತು. ನಾನು ಸುಳ್ಳು ಹೇಳಿದ್ದೆ."

"ಗೊತ್ತೈತಿ" ಅಂದಳು. "ಅವ್ವ ತೀರಿಕೊಂಡ ವಾರನ ನಿಯಮದ ಪುಸ್ತಕ ಓದಿಸಿ ಕೇಳೀನಿ. ನೀನು ಹೇಳಲಿ ಅಂತ ಕುಂತಿದ್ದೆ."

ಒಂಬತ್ತು ವರ್ಷ. ನಾನು ಮೇಜಿಗೆ ತಲೆ ಹಚ್ಚಿ ಅತ್ತೆ, ಅದರಲ್ಲಿ ನಾಚಿಕೆಯೇನಿಲ್ಲ. ಅಕ್ಕ ಸಮಾಧಾನ ಮಾಡಲಿಲ್ಲ. ನಾನು ಮುಖ ಒರೆಸಿಕೊಂಡ ಮೇಲೆ ಸೊಂಟದ ಚೀಲದಿಂದ ಒಂದು ನೀಲಿ ದಾರ ತೆಗೆದು ಮೇಜಿನ ಮೇಲೆ ಇಟ್ಟಳು. ಎರಡೂ ತುದಿಗೆ ಗಂಟು ಹಾಕಿದ್ದ ದಾರ. ಗಂಟಿನಿಂದ ಗಂಟಿಗೆ ನನ್ನ ಮೂರು ಬೆರಳಿನ ಅಗಲವೂ ಇರಲಿಲ್ಲ.

"ಇದು ನನ್ನ ಮೊಮ್ಮಗಳ ಗೇಣು. ಮಲಗಿದಾಗ ಕೈ ಬಿಡಿಸಿ ಅಳದೀನಿ. ಬರೂ ವರ್ಷ ಕೂಸಿನ ಜಾವಳ ತಗಸಾಕ ಹೋಗಬೇಕು. ಇಷ್ಟು ಉಳಿಸೇನಿ ತಮ್ಮಾ, ಉಳಿದದ್ದೆಲ್ಲ ಮುಗೀತು."

ತಮ್ಮಾ ಎಂದದ್ದನ್ನು ಕೇಳಿಸಿಕೊಂಡು, ದಾರ ಎತ್ತಿ ನೋಡಿದೆ. ಯಾರ ಗೇಣು ಎಂದು ನಿಯಮದಲ್ಲಿ ಇಲ್ಲ. ಉಳಿದ ಅಳತೆ: ಒಂದು ಗೇಣು ಎಂದು ಬರೆದೆ. ಪ್ರಶಂಸಾಪತ್ರವನ್ನು ಗೋಡೆಯಿಂದ ಇಳಿಸಿ ಆ ಮೊಳೆಗೆ ದಾರ ತೂಗುಹಾಕಿದೆ. ಅದೇ ಈಗ ನಮ್ಮ ಕಚೇರಿಯ ಅಳತೆ. ಕಟ್ಟಿನ ಗಾಜನ್ನು ಫಕೀರಪ್ಪ ಯಾರದೋ ಅರ್ಧ ಕಿಟಕಿ ಮುಗಿಸಲು ಒಯ್ದ.

ಅಂದಿನಿಂದ ಊರು ಸ್ವಲ್ಪ ನೋಡುವ ಹಾಗಾಗಿದೆ. ಗೋಡೆಗಳಿಗೆ ಪೂರ್ತಿ ಸುಣ್ಣ ಬಿದ್ದಿದೆ, ಯಾವುದೋ ಮೂಲೆಯಲ್ಲಿ ಮೂರು ಬೆರಳು ಜಾಗ ಬಿಟ್ಟು. ಅಂಗಿಗಳಿಗೆ ಎರಡೂ ತೋಳುಗಳಿವೆ, ಒಂದು ಗುಂಡಿ ಇಲ್ಲ. ಹೊಸದಾಗಿ ಬಂದವರು ನಮ್ಮನ್ನು ಸೋಮಾರಿಗಳು ಅನ್ನುವುದಿಲ್ಲ, ಮರೆಗುಳಿಗಳು ಅನ್ನುತ್ತಾರೆ. ಇನ್ನೊಂದು ತೊಂದರೆ ಶುರುವಾಗಿದೆ. ಗುದ್ದಾಟವಿಲ್ಲದೆ ಇದ್ದ ಅಣ್ಣತಮ್ಮಂದಿರು, ಅತ್ತೆಸೊಸೆಯಂದಿರು ಜಗಳದ ಅರ್ಜಿ ಹಿಡಿದು ಬರುತ್ತಿದ್ದಾರೆ. ಅರ್ಧಕ್ಕರ್ಧ ನಿಜವಾದ ಜಗಳಗಳಲ್ಲ. ನಾನು ಮೊಹರು ಒತ್ತಿ ಕಳಿಸುತ್ತೇನೆ.

ಅಕ್ಕ ವರ್ಷಕ್ಕೊಮ್ಮೆ ಹೋಗಿ ಬರುತ್ತಾಳೆ. ಉಳಿದ ದಿನ ನಮ್ಮ ಹಿತ್ತಿಲ ಬಾಗಿಲಿಗೆ ಬಿಸಿ ರೊಟ್ಟಿ ತಂದಿಟ್ಟು, ಮಹಾನಂದಾಳೊಂದಿಗೆ ಹೊಟ್ಟೆ ತುಂಬ ಮಾತಾಡಿ, ನನ್ನೊಂದಿಗೆ ಒಂದಿಷ್ಟು ಮಾತಾಡಿ ಎದ್ದು ಹೋಗುತ್ತಾಳೆ. ಆದರೆ ಅವ್ವನ ಹೆಸರು ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅದು ಉಳಿಸಿದ ಗೇಣಿನ ಲೆಕ್ಕದ್ದು. ಪ್ರತಿ ಸಲ ಬರುವಾಗ ಹೊಸ ದಾರ ಅಳೆದು ತರುತ್ತಾಳೆ, ಹಳೆಯದನ್ನು ಬಿಚ್ಚಿ ಅದನ್ನು ಮೊಳೆಗೆ ಕಟ್ಟುತ್ತೇನೆ. ಮಗುವಿಗೆ ಈಗ ನಾಲ್ಕು ವರ್ಷ. ಬೆರಳು ಗಿಡ್ಡವಂತೆ, ಥೇಟು ಅವ್ವನ ಕೈಯಂತೆ. ಈ ಸಲದ ದಾರ ಕಳೆದ ಸಲದ್ದಕ್ಕಿಂತ ಅರ್ಧ ಬೆರಳು ಉದ್ದವಾಗಿ ಬಂತು. ನಮ್ಮ ಜಗಳ ವರ್ಷ ವರ್ಷ ಬೆಳೆಯುತ್ತಿದೆ. ಇನ್ನು ಹತ್ತು ಹನ್ನೆರಡು ವರ್ಷಕ್ಕೆ ಅದು ಸರಿಯಾಗಿ ಅವ್ವನ ಗೇಣಿಗೆ ಬರುತ್ತದೆ. ಅಲ್ಲಿಯವರೆಗೆ ನಾನು ಬದುಕಿರಬೇಕು.